ಏಳು ಗೋಲಿನ ಅಂತರ

"ಪ್ರತಿ ಸಲ ಮೂರು ಗೋಲಿಗೇ ಯಾಕೆ ನಿಲ್ಲಿಸಿದ್ರಿ ಮೇಡಂ?" ಎಂದ ಫುಟ್‌ಬಾಲ್ ಸಂಘದ ಕಾರ್ಯದರ್ಶಿ, ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸುತ್ತ.

ಹುಡುಗಿಯರ ತಂಡದ ಕೋಚ್ ಬಗ್ಗಿ ನೋಡಿದಳು. ಈ ವರ್ಷ ಒಂದೂ ಪಂದ್ಯ ಸೋಲದ ತನ್ನ ತಂಡ ಒಂಬತ್ತನೆಯ ಸ್ಥಾನದಲ್ಲಿತ್ತು. ನಾಲ್ಕು ಸಲ ಸೋತವರು ಎಂಟನೆಯವರು. ದೊಡ್ಡ ಲೀಗಿಗೆ ಹೋಗುವುದು ಮೊದಲ ಎಂಟು ತಂಡ ಮಾತ್ರ.

"ಸೋತವರು ಮೇಲೆ, ಗೆದ್ದವರು ಕೆಳಗೆ. ಇದ್ಯಾವ ಲೆಕ್ಕ ಸಾರ್?"

"ಅವರು ಬಲವಾದವರ ಹತ್ರ ಸೋತ್ರು, ಅದಕ್ಕೆ ಅಂಕ ಜಾಸ್ತಿ ಹೋಗಲ್ಲ. ನೀವು ಬಡಪಾಯಿಗಳನ್ನ ಗೆದ್ರಿ, ಅದಕ್ಕೆ ಸಿಗೋದು ಚೂರುಪಾರು. ಗೋಲಿನ ಅಂತರನಾದ್ರೂ ದೊಡ್ಡದಿರಬೇಕಿತ್ತು."

"ಬಲವಾದವರನ್ನೂ ಕರೆದ್ವಲ್ಲ. ನೀವು ನಡೆಸೋ ಕ್ಲಬ್ಬನ್ನೇ ಎರಡು ಸಲ ಕರೆದೆ. ಮೈದಾನ ಖಾಲಿಯಿಲ್ಲ ಅಂದ್ರಿ."

ಕಾರ್ಯದರ್ಶಿ ನಕ್ಕ. "ನಿಮ್ಮನ್ನ ಗೆದ್ರೆ ನಮಗೇನೂ ಬರಲ್ಲ, ಸೋತ್ರೆ ರಾಶಿ ರಾಶಿ ಹೋಗುತ್ತೆ. ಯಾರು ಮೈಮೇಲೆ ಎಳ್ಕೋತಾರೆ? ಇದು ಕಂಪ್ಯೂಟರ್ ಹಾಕೋ ಅಂಕ, ನಂದೇನಿಲ್ಲ."

"ಕಂಪ್ಯೂಟರಿಗೆ ಹೇಳಿಕೊಟ್ಟೋರು ಯಾರು?"

ಅವನು ಪರದೆಯನ್ನು ತನ್ನತ್ತ ತಿರುಗಿಸಿಕೊಂಡ. "ಇನ್ನೊಂದು ಪಂದ್ಯ ಇದೆಯಲ್ಲ. ಏಳು ಗೋಲಿನ ಅಂತರದಲ್ಲಿ ಗೆಲ್ಲಿ, ಎಂಟನೇ ಜಾಗ ನಿಮ್ದು."

ಮೂರು ಗೋಲಾದ ಮೇಲೆ ಕೈ ಎತ್ತುವುದು ಅವಳ ಪದ್ಧತಿ. ಕೈ ಎತ್ತಿದರೆ ಹುಡುಗಿಯರು ಗೋಲಿನ ಕಡೆ ಹೋಗದೆ ತಮ್ಮತಮ್ಮೊಳಗೇ ಚೆಂಡು ದಾಟಿಸುತ್ತ ಹೊತ್ತು ಕಳೆಯುತ್ತಿದ್ದರು. "ಅವರೂ ನಾಳೆ ಆಡೋಕೆ ಬರಬೇಕಲ್ರೇ" ಎನ್ನುತ್ತಿದ್ದಳು.

ಭಾನುವಾರ ಎದುರಿಗಿದ್ದದ್ದು ಪಟ್ಟಿಯ ಕಟ್ಟಕಡೆಯ ತಂಡ. ಗೋಲಿನಲ್ಲಿ ನಿಂತ ಪುಟ್ಟ ಹುಡುಗಿಗೆ ಕೈಗವಸು ದೊಡ್ಡದಾಗಿ, ಮಣಿಕಟ್ಟಿಗೆ ದಾರ ಸುತ್ತಿದ್ದಳು. ಅರ್ಧ ಆಟ ಮುಗಿಯುವ ಮೊದಲೇ ಮೂರು ಗೋಲಾದವು. ಕ್ಯಾಪ್ಟನ್, ಕೋಚ್‌ಗೆ ಅಕ್ಕನ ಮಗಳು, ಮೈದಾನದಂಚಿನ ಗೆರೆಯ ಕಡೆ ನೋಡಿದಳು. ಕೋಚ್ ಕೈಕಟ್ಟಿ ನಿಂತಿದ್ದಳು. ಕ್ಯಾಪ್ಟನ್ ಓಡಿ ಬಂದಳು.

"ಚಿಕ್ಕಮ್ಮಾ, ಮೂರಾಯ್ತು."

"ಎಣಿಸೋಕೆ ನಂಗೂ ಬರುತ್ತೆ."

"ಮತ್ತೆ ಕೈ?"

ಆ ಕಾರ್ಯದರ್ಶಿಯ ನಗು ಕಣ್ಣಿಗೆ ಕಟ್ಟಿ ಕೋಚ್ ಹಲ್ಲು ಕಚ್ಚಿದಳು. "ಆಡು ಹೋಗೇ."

ನಾಲ್ಕಾಯಿತು, ಐದಾಯಿತು. ಪ್ರತಿ ಸಲವೂ ಪುಟ್ಟ ಹುಡುಗಿ ಬಲೆಯಿಂದ ಚೆಂಡು ತೆಗೆದು, ಅಂಗಿಗೆ ಒರೆಸಿ, ನಡುಗೆರೆಗೆ ಒದೆಯುತ್ತಿದ್ದಳು. ಪ್ರತಿ ಸಲವೂ ಕ್ಯಾಪ್ಟನ್ ಗೆರೆಯ ಕಡೆ ನೋಡುತ್ತಿದ್ದಳು. ಆರಾದಾಗ ನೋಡಲಿಲ್ಲ.

ಏಳನೆಯದು ಬಿತ್ತು. ಪುಟ್ಟ ಹುಡುಗಿ ಚೆಂಡು ಒರೆಸುತ್ತಿದ್ದಂತೆ ಕ್ಯಾಪ್ಟನ್ "ಇನ್ನೂ ಹೊತ್ತಿದೆ, ಕೊಡೇ" ಎಂದು ಅದನ್ನು ಕೈಯಿಂದ ಕಿತ್ತುಕೊಂಡಳು.

ಕೋಚ್ ಕೈ ಎತ್ತಿದಳು. ಇನ್ನೂ ಎತ್ತರಕ್ಕೆ ಎತ್ತಿದಳು. ಕ್ಯಾಪ್ಟನ್ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಬೆನ್ನು ತೋರಿಸಿ, ನಡುಗೆರೆಗೆ ಓಡುತ್ತಿದ್ದಳು.