ಬೀಜ ಒಡೆದ ಮೇಲೂ

೧
ಎಲ್ಲಿಂದ ಶುರು ಮಾಡಲಿ ಹೇಳಿ? ಪ್ರೋಟೀನಿನಿಂದ ಅಂದರೆ ನೀವು ಪುಟ ಮಗುಚುತ್ತೀರಿ. ಕುರಿಯಿಂದ ಅಂದರೆ ನಾಗರತ್ನ ಸಿಟ್ಟಾಗುತ್ತಾಳೆ. ಆಗಲಿ, ಕುರಿಯೇ ಇರಲಿ.

ಅವಳಪ್ಪ ಪಾಲಯ್ಯ ಕೂಡ್ಲಿಗಿ ಸೀಮೆಯಲ್ಲಿ ನಲವತ್ತು ವರ್ಷ ಟಗರುಗಳ ಬೀಜ ಒಡೆದವನು. ಕೈಗುಣ ಹಂಗಿತ್ತು, ಹಿರೇಹಡಗಲಿಯಿಂದಲೂ ಕರೆ ಬರುತ್ತಿತ್ತು. ೨೦೦೧ರಲ್ಲಿ ಅವನಿಗೇ ಉಚ್ಚೆ ಕಟ್ಟಿತು. ಪ್ರಾಸ್ಟೇಟ್ ಕ್ಯಾನ್ಸರ್. ಬೀಜ ತೆಗೆದರೆ ಗಂಡು ಹಾರ್ಮೋನು ನಿಲ್ಲುತ್ತದೆ, ಗಡ್ಡೆ ಸೊರಗುತ್ತದೆ ಅನ್ನುವುದನ್ನು ಡಾಕ್ಟರು ಸುತ್ತಿ ಬಳಸಿ ಹೇಳಿದರೆ ಇವನು ನಕ್ಕುಬಿಟ್ಟ.

"ಅಷ್ಟೇನ್ರಿ? ಅದು ನಮ್ಮ ಕಸುಬರಿ."

(ಇಲ್ಲಿ ಹೆಂಡತಿ ಜಂಬಮ್ಮ ಅತ್ತಳು ಅಂತ ಬರೆದಿದ್ದೆ. ಹೊಡೆದು ಹಾಕಿದೆ. ಅವಳು ಅಳಲಿಲ್ಲ, ಡಾಕ್ಟರನ್ನು ಬೈದಳು.)

೨
ಆಪರೇಷನ್ ಮಾಡಿ ಬೀಜ ತೆಗೆದ ಡಾಕ್ಟರು, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬಾ ಅಂದಿದ್ದರು. ಹೋಗಲಿಲ್ಲ. ಬೀಜ ಒಡೆದ ಟಗರನ್ನು ಯಾರಾದರೂ ಮತ್ತೆ ಹಿಡಿದು ನೋಡುತ್ತಾರೇನು? ಒಮ್ಮೆ ಒಡೆದರೆ ಮುಗೀತು. ಮಗಳು ಫೋನು ಮಾಡಿದಾಗೆಲ್ಲ, "ಹೋಗಿ ಬಂದ್ನೆವ್ವ, ಚಲೋ ಐತಂತ" ಅಂದ. ಮೂರು ವರ್ಷ ಹಿಂಗೇ ಅಂದ. ಈಗ ಗಡ್ಡೆ ಬೆನ್ನೆಲುಬಿಗೆ ಹಬ್ಬಿದೆ, ಸುಳ್ಳು ಮಗಳಿಗೂ ಗೊತ್ತಾಗಿದೆ.

ಮತ್ತೆ ೨ (ಬಿಟ್ಟುಹೋಗಿತ್ತು, ಕ್ಷಮಿಸಿ)
ನಾಗರತ್ನ ಹೈದರಾಬಾದಿನ ಒಂದು ಲ್ಯಾಬಿನಲ್ಲಿದ್ದಾಳೆ. ಅಪ್ಪನ ಆಪರೇಷನ್ ಆದ ವರ್ಷವೇ ಹಠ ಹಿಡಿದು ಸೇರಿದಳು. ಹಾರ್ಮೋನು ನಿಂತರೂ ಕ್ಯಾನ್ಸರ್ ಕೋಶದೊಳಗೆ ಒಂದು ಪ್ರೋಟೀನು ಇನ್ನೊಂದರ ಕೈ ಹಿಡಿದು ಎಬ್ಬಿಸುತ್ತದೆ, ಗಡ್ಡೆ ಮತ್ತೆ ಬೆಳೆಯುತ್ತದೆ. ಆ ಕೈ ಬಿಡಿಸುವ ಔಷಧಿ ಹುಡುಕುವುದು ಅವಳ ಕೆಲಸ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಆ ಕೈ ಬಿಟ್ಟಿದೆ. ಪ್ರಯೋಗದ ಇಲಿಯಲ್ಲಿ ಇನ್ನೂ ಬಿಟ್ಟಿಲ್ಲ.

೩
ಮುಕ್ತಾಯ ಒಂದು: ಔಷಧಿ ಸಿಗುತ್ತದೆ, ಪಾಲಯ್ಯ ಎದ್ದು ಕುರಿ ಹಿಂದೆ ಹೋಗುತ್ತಾನೆ.

"ಥೂ, ಸುಳ್ಳು ಬರೀಬ್ಯಾಡ್ರಿ." ರಜೆ ಹಾಕಿ ಊರಿಗೆ ಬಂದಿದ್ದ ನಾಗರತ್ನ ನನ್ನ ಪೆನ್ನು ಕಸಿದಳು. "ಮನುಷ್ಯಾರಿಗೆ ಕೊಡಾಕ ಇನ್ನಾ ಹತ್ತು ವರ್ಷ ಬೇಕು. ನಮ್ಮಪ್ಪಗ ಹತ್ತು ತಿಂಗಳಿಲ್ಲ."

ಮುಕ್ತಾಯ ಎರಡು: ಅವನು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾನೆ.

"ನೆಮ್ಮದಿ? ಮಗ್ಗಲು ಹೊರಳಿಸಿದ್ರ ಚೀರ್ತಾನ. ಬಂದು ನೋಡ್ರಿ."

ಹೋಗಿ ನೋಡಿದೆ. ನೋಡಬಾರದಿತ್ತು.

೪
ಮಂಚದ ಪಕ್ಕ ಕೂತು ಅವಳು ಎಲ್ಲ ಬಿಡಿಸಿ ಹೇಳಿದಳು, ಹಾರ್ಮೋನು, ಕೈ ಹಿಡಿಯುವ ಪ್ರೋಟೀನು, ಇಲಿ. ಪಾಲಯ್ಯ ಅವಳ ಕಡೆ ಮುಖ ತಿರುಗಿಸಿದ.

"ಅಂದ್ರ, ಬೀಜ ಇಲ್ದಿದ್ರೂ ಬೆಳೀತೈತೇನು ಅದು?"

"ಬೆಳೀತೈತಪ್ಪ."

"ಮತ್ತ ನಾನ್ಯಾಕ ಒಡಿಸಿಕೊಂಡೆ ನಾಗವ್ವ?"

ಉತ್ತರ ಎರಡಿದ್ದವು. ಅದರಿಂದಲೇ ಮೂರು ವರ್ಷ ಬದುಕಿದೆಯಲ್ಲಪ್ಪ, ಅನ್ನುವುದು ಒಂದು. ಪರೀಕ್ಷೆಗೆ ಹೋಗಿದ್ದರೆ ಮೊದಲೇ ಗೊತ್ತಾಗುತ್ತಿತ್ತು, ನೀನು ಇನ್ನಷ್ಟು ದಿನ ಇರುತ್ತಿದ್ದೆ, ಅನ್ನುವುದು ಇನ್ನೊಂದು. ಎರಡೂ ನಿಜ. ಒಂದನ್ನು ಹೇಳಹೊರಟರೆ ಇನ್ನೊಂದೂ ಬಾಯಿಗೆ ಬರುತ್ತದೆ ಅಂತ ಅವಳಿಗೆ ಹೆದರಿಕೆ.

"ಉತ್ತರ ನೀವರ ಬರೀರಿ," ಅಂತ ಪೆನ್ನು ವಾಪಸು ಕೊಟ್ಟಳು.

ನನ್ನ ಕೈಲಾಗಲಿಲ್ಲ. ಪಾಲಯ್ಯ ಇನ್ನೂ ಅವಳ ಮುಖವನ್ನೇ ನೋಡುತ್ತಿದ್ದಾನೆ. (ನೀವಾದರೂ ಮುಖ ಆ ಕಡೆ ತಿರುಗಿಸಿ, ನೋಡಬೇಡಿ.)