ರೋಮವಿಲ್ಲದ ಎಲೆ

ಒಡಹುಟ್ಟಿದ ತಮ್ಮನ ಹೊಟ್ಟೆಯಲ್ಲಿ ವಿಷ ಇರಲಿ ಎಂದು ಯಾರಾದರೂ ಬೇಡಿಕೊಳ್ಳುತ್ತಾರೆಯೇ? ತೊಂಬತ್ತೆಂಟರ ಆ ಸೋಮವಾರ ನಾನು ಬೇಡಿಕೊಂಡೆ. ದೇವರು ದಿಂಡರಿಗೆ ಕೈಮುಗಿಯದ ಮನೆಯವಳು ನಾನು. ಯಾರನ್ನು ಬೇಡಿದೆನೋ ನನಗೇ ಗೊತ್ತಿಲ್ಲ.

ತಮ್ಮ ಸಮ್ಯಕ್‌ಗೆ ಕಾಮಾಲೆ ಆಗಿತ್ತು. ಅರಸೀಕೆರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ಮಗಳು ನಾನಿದ್ದೇನೆ, ನನಗೊಂದು ಮಾತು ತಿಳಿಸುವುದು ಬೇಡವೇ? ಅವ್ವ ಅವನನ್ನು ನಮ್ಮೂರು ಮಾದಿಹಳ್ಳಿಯ ಗಿಡ್ಡಯ್ಯನ ಹತ್ತಿರ ಕರೆದೊಯ್ದಿದ್ದಳು. ಕಾಮಾಲೆಗೆ ಸೊಪ್ಪು ಅರೆದು ಉಂಡೆ ಕಟ್ಟಿ ಕೊಡುವವನು ಗಿಡ್ಡಯ್ಯ. ಅವ್ವನೇ ಅದನ್ನು ಮಜ್ಜಿಗೆಯಲ್ಲಿ ಕದಡಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸಿದ್ದಳು. ಭಾನುವಾರ ಹುಡುಗ ಏನೇನೋ ಬಡಬಡಿಸುತ್ತಾ ಗಾಳಿಯಲ್ಲಿ ಇಲ್ಲದ ದಾರ ಎಳೆಯತೊಡಗಿದ.

ಸುದ್ದಿ ತಿಳಿದು ಸೋಮವಾರ ನಾನು ಹಾಸನದ ಆಸ್ಪತ್ರೆಗೆ ತಲುಪಿದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. “ಲಿವರ್ ಪೂರ್ತಿ ಕೆಟ್ಟು ತಲೆಗೇರಿದ್ರೆ ಹೀಗಾಗುತ್ತಮ್ಮ. ಹಾಗಿದ್ರೆ ನಮ್ಮ ಕೈಲಿ ಏನೂ ಇಲ್ಲ. ಆದ್ರೆ ಆ ಔಷಧಿಯಲ್ಲಿ ಉಮ್ಮತ್ತಿ ಸೇರಿದ್ರೂ ಹೀಗೇ. ಉಮ್ಮತ್ತಿ ಆದ್ರೆ ಉಳಿಸ್ಕೋಬಹುದು. ಯಾವ ಸೊಪ್ಪು ತಿಳ್ಕೊಂಡು ಬನ್ನಿ.”

ಮಾದಿಹಳ್ಳಿಗೆ ಓಡಿದೆ. ಗಿಡ್ಡಯ್ಯ ಜಗಲಿಯ ಮೇಲೆ ಕೂತಿದ್ದ.

“ಹೆಸ್ರು ಹೇಳಂಗಿಲ್ಲ ಕಣವ್ವ. ಬಾಯ್ಬಿಟ್ರೆ ಔಸ್ದಿ ಗುಣ ಹೊಂಟೋಯ್ತದೆ. ನಮ್ಮಪ್ಪ ಸಾಯೋ ಗಳಿಗೇಲಿ ನನ್ ಕಿವೀಲಿ ಹೇಳವ್ನೆ.”

“ನನ್ನ ತಮ್ಮ ಸಾಯ್ತಾವ್ನೆ ಕಣಯ್ಯಾ!”

“ಅದ್ಕೇ ಹೇಳಂಗಿಲ್ಲ ಅಂದಿದ್ದು. ಈಗ ಹೇಳಿದ್ರೆ ಅವನ ಹೊಟ್ಟೇಲಿರೋದೂ ಕೆಲ್ಸ ಮಾಡಾಕಿಲ್ಲ.”

“ಉಮ್ಮತ್ತಿ ಹಾಕಿದೀಯಾ? ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಕಾಲಿಗೆ ಬೀಳ್ತೀನಿ.”

ಅವನ ಕಣ್ಣಲ್ಲಿ ನೀರು ತುಂಬಿತು. ಬಾಯಿ ಮಾತ್ರ ತೆರೆಯಲಿಲ್ಲ. ನಿನ್ನ ಬಾಯಿಗೆ ಮಣ್ಣು ಹಾಕ ಎಂದು ಬೈದು ಮನೆಗೆ ಬಂದೆ. ಮಿಕ್ಕ ಒಂದು ಉಂಡೆಯನ್ನು ಅವ್ವ ಮುತ್ತುಗದ ಎಲೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಿದ್ದಳು. ಅದನ್ನು ಹಿಡಿದು ಅರಸೀಕೆರೆ ಬಸ್ಸು ಹತ್ತಿದೆ. ಜಾವಗಲ್ಲಿನಲ್ಲಿ ಡ್ರೈವರು ಟೀಗೆ ಇಳಿದಾಗ ನಾನು ಕೂಗಾಡಿದ್ದನ್ನು ಅವನು ಇಂದಿಗೂ ಮರೆತಿರಲಾರ.

ಕಾಲೇಜಿನ ಲ್ಯಾಬಿನಲ್ಲಿ ಉಂಡೆಯನ್ನು ನೀರಿನಲ್ಲಿ ತೊಳೆದೆ. ಒರಳುಕಲ್ಲಿನಲ್ಲಿ ಎಷ್ಟು ಅರೆದರೂ ಎಲೆಯ ಮೇಲ್ಸಿಪ್ಪೆಯ ಚೂರುಗಳು ಉಳಿಯುತ್ತವೆ. ಅವುಗಳ ಹಸಿರು ಇಳಿಸಿ, ಕೆಂಪು ಬಣ್ಣ ಹಾಕಿ ಗಾಜಿನ ಮೇಲಿಟ್ಟೆ. ಮನುಷ್ಯರು ಬಾಯಿ ಮುಚ್ಚಿಕೊಳ್ಳಬಹುದು, ಎಲೆಯ ಮೈಗೆ ಆ ಚಾಳಿ ಇಲ್ಲ. ಉಮ್ಮತ್ತಿಯ ಎಲೆಯ ಮೇಲೆ ರೋಮಗಳಿರುತ್ತವೆ, ಆ ರೋಮಗಳ ಮೇಲೆ ಸಣ್ಣ ಗಂಟುಗಳು. ಹೋಲಿಸಲು ಕಾಂಪೌಂಡಿನ ಪಕ್ಕದ ಉಮ್ಮತ್ತಿಯನ್ನೇ ಕಿತ್ತು ತಂದಿದ್ದೆ. ಒಂದು ರೋಮ ಸಿಕ್ಕರೆ ಸಾಕಿತ್ತು.

ಸಿಗಲಿಲ್ಲ. ಅಲೆಅಲೆಯಾದ ಅಂಚಿನ ಕೋಶಗಳು, ನಡುವೆ ಎಲೆ ಉಸಿರಾಡುವ ಪುಟ್ಟ ಬಾಯಿಗಳು, ಮೈಯೆಲ್ಲಾ ನುಣ್ಣಗೆ. ಮತ್ತೊಂದು ಚೂರು, ಇನ್ನೊಂದು ಚೂರು. “ಇರು, ಇರೇ, ಎಲ್ಲಾದರೂ ಇರು” ಎಂದು ಹುಚ್ಚಿಯ ಹಾಗೆ ಗೊಣಗುತ್ತಿದ್ದೆ. ಉಂಡೆಯೇ ಮುಗಿದುಹೋಯಿತು. ಕೊನೆಗೆ ಅಂಗಳದಿಂದ ನೆಲನೆಲ್ಲಿ ಕಿತ್ತು ತಂದು ಪಕ್ಕದಲ್ಲಿಟ್ಟು ನೋಡಿದೆ. ಅದೇ ಕೋಶ, ಅದೇ ಬಾಯಿ, ಅದೇ ನುಣುಪು. ಕಾಮಾಲೆಗೆ ಊರೆಲ್ಲಾ ನಂಬುವ, ಯಾವ ಕೇಡೂ ಮಾಡದ ನೆಲನೆಲ್ಲಿ. ಗಿಡ್ಡಯ್ಯ ಮೋಸ ಮಾಡಿರಲಿಲ್ಲ. ಮಾಡಿರಬಾರದಿತ್ತೇ, ಪಾಪಿ!

ಆಫೀಸಿನ ಫೋನಿನಿಂದ ವಾರ್ಡಿಗೆ ಮಾಡಿದೆ. ನರ್ಸಿನ ಕೈಯಿಂದ ಅವ್ವ ಕಿತ್ತುಕೊಂಡಳು.

“ಡಾಕ್ಟ್ರಿಗೆ ಕೊಡವ್ವ.”

“ಅವ್ರು ಆಚೆ ಹೋಗವ್ರೆ. ನಂಗೇ ಹೇಳು. ವಿಷವಾ? ನನ್ ಕೈಯಾರೆ ನನ್ ಕೂಸಿಗೆ ವಿಷ ಕುಡಿಸ್ಬುಟ್ನಾ?”

ಏನು ಹೇಳಲಿ? ಇದ್ದದ್ದನ್ನೇ ಹೇಳಿದೆ.

“ಇಲ್ಲ ಕಣವ್ವ. ಬರೀ ನೆಲನೆಲ್ಲಿ.”

ಅವ್ವ ಗೊಳೋ ಎಂದು ಅತ್ತಳು, ಅಳುತ್ತಲೇ ನಕ್ಕಳು. ಫೋನನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಮಂಚದ ಕಡೆ ಓಡಿದ್ದು ನನಗೆ ಕೇಳಿಸಿತು.

“ಏ ಮಗಾ, ಕೇಳ್ದೇನ್ಲಾ? ನಿಮ್ಮಕ್ಕ ನೋಡವ್ಳಂತೆ. ವಿಷ ಇಲ್ವಂತೆ ಕಣೋ. ಇನ್ನೇನೂ ಭಯ ಇಲ್ಲ. ಎದ್ದೇಳಪ್ಪಾ.”