ಕಳ್ಳ ಸಿಗ್ನಲ್

"ಎಂಬತ್ತು," ಎಂದಳು ಅವಳು, ವಾಕಿಟಾಕಿಯನ್ನು ಬಾಯಿಯ ಹತ್ತಿರ ಹಿಡಿದು. "ಮೈನಸ್ ಎಂಬತ್ತರಲ್ಲೇ ಕೂತುಬಿಟ್ಟಿದೆ. ನಿಮ್ಮ ಡಿಶ್ ಒಂಚೂರು ಎಡಕ್ಕೆ ತಿರುಗಿಸಿ ನೋಡ್ತೀರಾ?"

"ಎಡಕ್ಕೆ ಹೋಗಿ ಬಂದೆ ಮೇಡಂ, ಏನೂ ಪ್ರಯೋಜನ ಇಲ್ಲ," ಎಂದಿತು ಎದುರು ಗುಡ್ಡದ ದನಿ. "ಬೇಕಾದ್ರೆ ಇನ್ನೊಂದ್ಸಲ ಹೋಗ್ತೀನಿ. ಅವಸರ ಏನಿದೆ?"

ಅವಸರ ಇತ್ತು. ಸಂಜೆಯೊಳಗೆ ಲಿಂಕ್ ಎದ್ದು ನಿಲ್ಲಬೇಕೆಂದು ಆಫೀಸಿನವರು ಬೆಳಗ್ಗೆಯಿಂದ ಮೇಸ್ತ್ರಿಯ ಪ್ರಾಣ ತಿನ್ನುತ್ತಿದ್ದರು. ಗುಡ್ಡದಾಚೆಯ ಊರುಗಳ ಫೋನು, ಇಂಟರ್ನೆಟ್ಟು ಎಲ್ಲವೂ ಇನ್ನು ಮುಂದೆ ಈ ಎರಡು ಡಿಶ್ಶುಗಳ ನಡುವೆ ಗಾಳಿಯಲ್ಲೇ ಹರಿದು ಹೋಗಬೇಕು. ಹಾಗೆ ಹರಿಯಬೇಕಾದರೆ ಕಣಿವೆಯ ಈಚೆ ದಡದ ಡಿಶ್ಶು ಆಚೆ ದಡದ ಡಿಶ್ಶನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಮೀಟರಿನ ಅಂಕಿ ಪಾತಾಳಕ್ಕಿಳಿಯುತ್ತದೆ. ಇವತ್ತು ಬರಬೇಕಾದ ಅಂಕಿ ಮೈನಸ್ ನಲವತ್ತು. ಬಂದಿದ್ದು ಎಂಬತ್ತು. ಮೈನಸ್ಸಿನ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಬಡವಾದಂತೆ. ಎಂಬತ್ತೆಂದರೆ ಉಸಿರಾಡುತ್ತಿದೆ, ಅಷ್ಟೆ.

ಗೋಪುರದ ನೆತ್ತಿಗೆ ಸ್ವಲ್ಪ ಕೆಳಗೆ, ಸೊಂಟದ ಬೆಲ್ಟಿಗೆ ಭಾರ ಬಿಟ್ಟು, ಒಂದು ಕಾಲು ಅಡ್ಡಪಟ್ಟಿಯ ಮೇಲಿಟ್ಟು ಅವಳು ನಿಂತಿದ್ದಳು. ಮಣಿಕಟ್ಟಿಗೆ ದಾರ ಕಟ್ಟಿದ ಸ್ಪ್ಯಾನರು, ಕೊರಳಲ್ಲಿ ತೂಗುವ ಮೀಟರು. ಕೆಲಸಗಾರರೆಲ್ಲ ಅವಳನ್ನು ಕರೆಯುವುದು ಟವರಕ್ಕ ಎಂದು. ಮೂವತ್ತಾರು ದಾಟಿತ್ತು. ಅವಳ ಮದುವೆಯ ಬಗ್ಗೆ ನೆಂಟರಿಷ್ಟರೆಲ್ಲ ಕೈಚೆಲ್ಲಿ ಕೂತಿದ್ದರು, ಅಮ್ಮ ಒಬ್ಬಳನ್ನು ಬಿಟ್ಟು.

ಎದುರು ಗುಡ್ಡದಲ್ಲಿರುವ ಆಸಾಮಿಯನ್ನು ಅವಳು ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ. ನಗಬೇಡಿ, ಈ ಕೆಲಸದ ಹಣೆಬರಹವೇ ಹಾಗೆ. ಲಿಂಕ್ ಎಂದರೆ ಎರಡು ತುದಿ. ಒಬ್ಬರು ಈ ತುದಿಯಲ್ಲಿದ್ದರೆ ಜೊತೆಯವರು ಆ ತುದಿಯಲ್ಲಿರಲೇಬೇಕು. ಎರಡು ವರ್ಷದಿಂದ ಇಬ್ಬರೂ ಪ್ರತಿಯೊಂದು ಲಿಂಕನ್ನೂ ಜೊತೆಯಾಗಿ ಮಾಡಿದ್ದರು, ಹಾಗಾಗಿಯೇ ಒಂದು ಸಲವೂ ಜೊತೆಯಾಗಿರಲಿಲ್ಲ. ಅವನಿಗೆ ಅವಳು ಮೇಡಂ. ಅವಳಿಗೆ ಅವನು ಎದುರುಗಡೆಯವರು. ಫೋನ್ ನಂಬರೇನೋ ಇತ್ತು, ಆದರೆ ಕೆಲಸವಿಲ್ಲದೆ ಏನಂತ ಫೋನ್ ಮಾಡುವುದು? ಅವನ ನಂಬರಿನ ಪಕ್ಕದ ಪುಟ್ಟ ಚಿತ್ರದಲ್ಲಾದರೂ ಮುಖ ಕಾಣಬಹುದೆಂದು ಒಮ್ಮೆ ಬೆರಳಲ್ಲಿ ಹಿಗ್ಗಿಸಿ ನೋಡಿದ್ದಳು. ಅಲ್ಲೂ ಒಂದು ಡಿಶ್ಶೇ ಇತ್ತು.

ಮುಖ ಗೊತ್ತಿಲ್ಲದಿದ್ದರೇನು, ಉಳಿದಿದ್ದೆಲ್ಲ ಗೊತ್ತಿತ್ತು. ಬೋಲ್ಟು ಬಿಗಿಯುವಾಗ ಅವನು ಗುನುಗುತ್ತಾನೆ, ಅದೂ ಶ್ರುತಿ ತಪ್ಪಿ. ಖಾರ ತಿಂದರೆ ಬಿಕ್ಕಳಿಕೆ ಬರುತ್ತದೆ. ಅವನ ಅಕ್ಕ, "ನಿನಗೆ ಹೆಣ್ಣು ಹುಡುಕಿ ಸಾಕಾಯ್ತು, ಆ ಡಿಶ್ಶನ್ನೇ ಕಟ್ಕೋ ಹೋಗು" ಎಂದು ಬೈದು ಕೂತಿದ್ದಾಳೆ. ಗಾಳಿ ಜೋರಾದ ದಿನ, "ಬೆಲ್ಟ್ ಇನ್ನೊಂದ್ಸಲ ನೋಡ್ಕೊಳ್ಳಿ ಮೇಡಂ" ಎನ್ನದೆ ಅವನು ಕೆಲಸ ಶುರುಮಾಡಿದ್ದೇ ಇಲ್ಲ.

ಮಗಳು ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಎದುರುಗಡೆಯವರ ಪುರಾಣ ಶುರುವಾಗುವುದನ್ನು ಕೇಳಿ ಕೇಳಿ ಅಮ್ಮನ ಕಿವಿ ತೂತಾಗಿತ್ತು. "ಅಲ್ಲ ಕಣೇ, ಮುಖ ನೋಡಿಲ್ಲ ಅಂತೀಯ, ಊಟ ಮುಗಿಯೋವರೆಗೂ ಅವನ ಮಾತೇ ಆಡ್ತೀಯ. ಏನಾದ್ರೂ ಒಂದು ಹೇಳು, ನನಗೆ ವಯಸ್ಸಾಯ್ತು," ಎಂದು ಮೊನ್ನೆ ಸೌಟು ಹಿಡಿದೇ ಕೇಳಿದ್ದಳು. "ಥೂ, ಹೋಗಮ್ಮ, ಅವರು ಎದುರುಗಡೆಯವರು ಅಷ್ಟೆ," ಎಂದು ಮಗಳು ತಟ್ಟೆಯತ್ತ ಬಗ್ಗಿದ್ದಳು.

ಆದರೆ ಇವತ್ತಿಗೆ ಎಲ್ಲ ಮುಗಿಯುತ್ತಿತ್ತು. ಇದು ಕೊನೆಯ ಲಿಂಕು. ನಾಳಿದ್ದು ಅವನು ಸಮುದ್ರದ ಕಡೆಯ ತಂಡಕ್ಕೆ ಹೊರಡುತ್ತಾನೆ, ಅವಳಿಗೆ ಆಫೀಸಿನಲ್ಲಿ ಕುರ್ಚಿ ಹಾಕಿಟ್ಟಿದ್ದಾರೆ. ಮೀಟರು ನಲವತ್ತು ತೋರಿಸಿದ ಗಳಿಗೆಯಿಂದ ಆ ದನಿಯನ್ನು ಕೇಳಲು ಅವಳಿಗೆ ಯಾವ ನೆಪವೂ ಉಳಿಯುವುದಿಲ್ಲ.

ಅದಕ್ಕೇ ಅವಳು ಹುಟ್ಟಿದ ಮೇಲೆ ಮಾಡದ ತಪ್ಪೊಂದನ್ನು ಮಾಡುತ್ತಿದ್ದಳು, ಬೇಕೆಂದೇ. ಡಿಶ್ಶಿನ ಶಕ್ತಿಯೆಲ್ಲ ನಡುವಿನ ಒಂದು ಸಪೂರ ಕಿರಣದಲ್ಲಿರುತ್ತದೆ, ನಿಜ. ಆದರೆ ಅಕ್ಕಪಕ್ಕದಲ್ಲೂ ಒಂದಿಷ್ಟು ಸೋರುತ್ತದೆ. ಡಿಶ್ಶನ್ನು ತಿರುಗಿಸುತ್ತ ಹೋದಾಗ ಆ ಸೋರಿಕೆಯ ಜಾಗದಲ್ಲೂ ಅಂಕಿ ಚೇತರಿಸಿಕೊಂಡು, ಮತ್ತೆ ಕುಸಿಯುತ್ತದೆ. ಹೊಸಬರು ಅದನ್ನೇ ನಂಬಿ, ಬೋಲ್ಟು ಬಿಗಿದು, ಕೈ ಕೊಡವಿಕೊಂಡು ಇಳಿದುಬಿಡುತ್ತಾರೆ. ಇವರ ಬಾಯಲ್ಲಿ ಅದು ಕಳ್ಳ ಸಿಗ್ನಲ್. ಇನ್ನೂ ಸ್ವಲ್ಪ ಮುಂದೆ ಹೋದರೆ ನಿಜವಾದದ್ದು ಸಿಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೆಳಗ್ಗೆಯಿಂದ ಕಳ್ಳನ ಮೇಲೆಯೇ ಡಿಶ್ಶು ನಿಲ್ಲಿಸಿಕೊಂಡು, ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ ಎಂದು ನಾಟಕವಾಡುತ್ತಿದ್ದಳು.

"ಅಕ್ಕಾ," ಎಂದ ಕೆಳಗಿನಿಂದ ಮೇಸ್ತ್ರಿ, ಕೇಬಲ್ ಸುತ್ತಿದ ಗಾಲಿಯ ಮೇಲೆ ಕೂತು. ಅವನ ಕೈಯಲ್ಲೂ ವಾಕಿಟಾಕಿ, ಎದುರು ಗುಡ್ಡದ ಇಬ್ಬರು ಕೆಲಸಗಾರರ ಕೈಯಲ್ಲೂ ವಾಕಿಟಾಕಿ. ಎಲ್ಲರದ್ದೂ ಒಂದೇ ಚಾನೆಲ್. "ಏನಕ್ಕಾ ಇದು, ನೀನಿರೋ ಕಡೆ ಇಷ್ಟೊತ್ತಾ? ಡಿಶ್ಶಿಗೇನಾದ್ರೂ ದೃಷ್ಟಿ ಆಯ್ತಾ?"

"ಬಿಸಿಲಲ್ವಾ ಮೇಸ್ತ್ರಿ, ಕಬ್ಬಿಣ ಹಿಗ್ಗಿದೆ," ಎಂದಳು ಅವಳು. ಅಂಥ ಸುಳ್ಳಿಗೆ ಅವಳಿಗೇ ನಾಚಿಕೆಯಾಯಿತು. ಮೇಸ್ತ್ರಿ ಬರಿದೇ ಕೆಮ್ಮಿದ.

ಸೂರ್ಯ ನೆತ್ತಿಯಿಂದ ಜಾರಿದ. ಅಕ್ಕಿಕಾಳಿನ ಹಾಗೆ ಕಾಣುವ ಆಚೆ ಕಡೆಯ ಮನೆಗಳತ್ತ ನೋಡಿದಳು. ಅಲ್ಲಿ ಯಾರೋ ಯಾರಿಗೋ ಫೋನ್ ಮಾಡಲು ಕಾದಿರುತ್ತಾರೆ. ತನ್ನ ಒಂದು ದನಿಗಾಗಿ ಅವರದ್ದೆಲ್ಲ ತಡೆದು ನಿಲ್ಲಿಸುವುದು ಯಾವ ನ್ಯಾಯ? ಸಾಕು, ಎಂದುಕೊಂಡು ಮೂಗೆಳೆದುಕೊಂಡಳು. ಸ್ಪ್ಯಾನರು ಹಾಕಿ ಕಳ್ಳನನ್ನು ದಾಟಿಸಿದಳು. ಅಂಕಿ ಕುಸಿಯಿತು, ಸತ್ತೇಹೋಯಿತು ಎನ್ನುವಷ್ಟರಲ್ಲಿ ಮೇಲೆದ್ದಿತು. ಎಪ್ಪತ್ತು. ಅರವತ್ತೈದು. ಅರವತ್ತು.

ಅರವತ್ತರಲ್ಲಿ ನಿಂತಿತು.

ಅವಳು ಎಡಕ್ಕೆ ಹೋಗಿ ಬಂದಳು, ಬಲಕ್ಕೆ ಹೋಗಿ ಬಂದಳು, ಮೇಲೆ ಕೆಳಗೆಲ್ಲ ನೋಡಿದಳು. ಈ ಕಡೆ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ, ತನ್ನ ಡಿಶ್ಶು ನೆಟ್ಟಗೆ ಎದುರು ಗುಡ್ಡವನ್ನೇ ನೋಡುತ್ತಿತ್ತು. ನಲವತ್ತು ಬರಲು ಇನ್ನೂ ಇಪ್ಪತ್ತು ಬೇಕು. ಹಾಗಾದರೆ ಆ ಇಪ್ಪತ್ತು ಎಲ್ಲಿ ಹೋಯಿತು? ಎದುರುಗಡೆ. ಎದುರುಗಡೆಯ ಡಿಶ್ಶೂ ಕಳ್ಳನ ಮೇಲೆ ಕೂತಿದೆ! ಇವಳಿಗಿಂತ ಹಳಬ, ಕತ್ತಲಲ್ಲಿ ಕೈಯಾಡಿಸಿ ಲಿಂಕ್ ಹಿಡಿಯುವವನು, ಹೊಸಬರು ಮಾಡುವ ತಪ್ಪನ್ನು ಬೆಳಗ್ಗೆಯಿಂದ ಮಾಡುತ್ತಿದ್ದಾನೆಂದರೆ...

ಅಷ್ಟು ಎತ್ತರದಲ್ಲಿ, ಕಬ್ಬಿಣದ ಕಂಬ ತಬ್ಬಿಕೊಂಡು, ಒಬ್ಬಳೇ ನಕ್ಕಳು. ಎರಡು ವರ್ಷದಲ್ಲಿ ಯಾವ ಲಿಂಕ್ ಎದ್ದಾಗಲೂ ಅವಳಿಗೆ ಇಷ್ಟು ಖುಷಿಯಾಗಿರಲಿಲ್ಲ.

"ಎದುರುಗಡೆಯವರೇ," ಎಂದಳು.

"ಹೇಳಿ ಮೇಡಂ."

"ನಿಮ್ಮ ಡಿಶ್ ಕಳ್ಳನ ಮೇಲಿದೆ."

ಮೆಲ್ಲಗೆ, "ಗೊತ್ತು," ಎಂದಿತು ದನಿ.

"ಗೊತ್ತಾ?"

"ಬೆಳಗ್ಗೆಯಿಂದ ಗೊತ್ತು. ಸರಿ ಮಾಡಿದ್ರೆ ಮುಗಿದೇ ಹೋಗುತ್ತಲ್ಲ ಮೇಡಂ. ಅದಕ್ಕೇ ಕೈ ಬರಲಿಲ್ಲ."

ಯಾರೋ ಕಿಸಕ್ಕೆಂದರು. ಇನ್ಯಾರೋ ಶ್‌ಶ್ ಎಂದರು. ಚಾನೆಲ್ಲಿನಲ್ಲಿದ್ದವರೆಲ್ಲ ಮೈಯೆಲ್ಲ ಕಿವಿಯಾಗಿದ್ದಾರೆಂದು ಅವಳಿಗೆ ಗೊತ್ತಾಯಿತು, ಆದರೆ ಇವತ್ತು ಅದನ್ನು ಲೆಕ್ಕಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

"ನಂದೂ ಕಳ್ಳನೇ," ಎಂದಳು. "ಈಗ ತಾನೇ ಬಿಟ್ಟುಬಂದೆ."

ಅತ್ತ ಕಡೆ ಅವನು ನಕ್ಕ. ಆ ನಗು ಕೇಳಿ ಅವಳ ಕಿವಿಯವರೆಗೂ ಬಿಸಿಯೇರಿತು. "ಹಾಗಾದ್ರೆ ಇಬ್ರೂ ಕಳ್ಳರೇ," ಎಂದ ಅವನು. "ಈಗೇನು ಮಾಡೋಣ ಹೇಳಿ."

"ಮುಗಿಸಿ. ಜನ ಕಾಯ್ತಿದಾರೆ. ಮುಗಿಸಿದ ಮೇಲೆ ಮಾತಾಡೋಣ."

"ಯಾವುದರಲ್ಲಿ ಮೇಡಂ? ಈ ವಾಕಿಟಾಕಿಗಳನ್ನೆಲ್ಲ ಸಂಜೆ ವಾಪಸ್ ಕೊಡಬೇಕಲ್ಲ."

"ಬಾಯಲ್ಲಿ," ಎಂದಳು.

ಮೇಸ್ತ್ರಿ ಕೆಳಗೆ ಗಾಲಿಯ ಮೇಲಿಂದ ಎದ್ದುನಿಂತು ಟೋಪಿ ತೆಗೆದು ಬೀಸಿದ. ಅರವತ್ತು ಕುಸಿಯಿತು, ಮತ್ತೆ ಎದ್ದಿತು, ಐವತ್ತು, ನಲವತ್ತೈದು, ನಲವತ್ತು. "ಬಿಗೀತೀನಿ," ಎಂದ ಅವನು, "ಬಿಗೀರಿ," ಎಂದಳು ಅವಳು. ಗುನುಗು ಕೇಳಿಸಿತು, ಎಂದಿನಂತೆ ಶ್ರುತಿ ತಪ್ಪಿ. ಸ್ವಲ್ಪ ಹೊತ್ತಿಗೆ ಆಫೀಸಿನಿಂದ ಮೇಸ್ತ್ರಿಗೆ ಫೋನ್ ಬಂತು: ಆಚೆ ಕಡೆ ಎಲ್ಲ ಸರಾಗವಾಗಿ ಹರಿಯುತ್ತಿದೆ, ಶಹಬ್ಬಾಸ್.

ಅವಳು ಇಳಿದ ರಭಸಕ್ಕೆ ಮೇಸ್ತ್ರಿಯ ಜೀವ ಬಾಯಿಗೆ ಬಂದಿತ್ತು. ಬೆಲ್ಟು ಬಿಚ್ಚಿ ಅವನ ಕೈಗಿತ್ತು, ಜೀಪಿನ ಕೀಲಿ ಕೇಳಿದಳು.

"ಎಲ್ಲಿಗಕ್ಕಾ?"

"ಎಲ್ಲಿಗೆ ಅಂತ ಗೊತ್ತಿಲ್ವಾ ನಿನಗೆ? ಅಲ್ಲಿ ಹೇಳಬೇಡ, ಹೇಳಿದ್ರೆ ನನಗೆ ಧೈರ್ಯ ಹೋಗುತ್ತೆ."

ಕೀಲಿ ಕೊಟ್ಟು ಅವನು ಬಾಯಿಗೆ ಬೀಗ ಹಾಕಿಕೊಂಡ. ಕಣಿವೆಯ ರಸ್ತೆ ಹಾವಿನಂತೆ ಇಳಿದು, ಸೇತುವೆ ದಾಟಿ, ಮತ್ತೆ ಏರುತ್ತದೆ. ಇಳಿಜಾರಿನಲ್ಲಿ ವಾಕಿಟಾಕಿ ಮೂಕವಾಯಿತು. ಸೇತುವೆಯ ಮೇಲೆ ಎದುರಿನಿಂದ ಒಂದು ಹಳೇ ಪಿಕಪ್ಪು ಧೂಳೆಬ್ಬಿಸಿಕೊಂಡು ಬಂದು, ಪಕ್ಕಕ್ಕೆ ಸರಿದು ಇವಳಿಗೆ ದಾರಿ ಕೊಟ್ಟಿತು. ಇವಳು ಕೈಯೆತ್ತಿದಳು, ಪಿಕಪ್ಪಿನವನೂ ಕೈಯೆತ್ತಿದ. ಏನಂತ ಮಾತು ಶುರುಮಾಡುವುದು ಎಂಬ ಯೋಚನೆಯಲ್ಲಿದ್ದ ಅವಳು ಅವನ ಮುಖ ಕೂಡ ನೋಡಲಿಲ್ಲ.

ಎದುರು ಗುಡ್ಡದ ಮೇಲೆ ಗೋಪುರದ ಕೆಳಗೆ ಇಬ್ಬರು ಕೆಲಸಗಾರರು ಸಾಮಾನು ಕಟ್ಟುತ್ತಿದ್ದರು. ಜೀಪಿನಿಂದಿಳಿದ ಅವಳನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅವರೆಲ್ಲಿ?" ಎಂದಳು.

ಅಷ್ಟು ಕೇಳಿದ್ದೇ ತಡ, ಒಬ್ಬ ಹಗ್ಗ ಬಿಟ್ಟು ನೆಲದ ಮೇಲೆ ಕೂತೇಬಿಟ್ಟ, ನಗು ತಡೆಯಲಾರದೆ. "ನಿಮ್ಮನ್ನ ನೋಡೋಕೆ ಹೋದ್ರಲ್ಲ ಅಕ್ಕಾ! ಹೇಳಬೇಡಿ, ಧೈರ್ಯ ಹೋಗುತ್ತೆ ಅಂದ್ರು. ಪಿಕಪ್ಪಲ್ಲಿ ಹೋದ್ರು!"

ಅವಳು ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಸೊಂಟದ ವಾಕಿಟಾಕಿ ಗೊರಗುಟ್ಟಿತು.

"ಮೇಡಂ, ನಿಮ್ಮ ಟವರ್ ಕೆಳಗೆ ನಿಂತಿದೀನಿ. ಇಲ್ಲಿ ಮೇಸ್ತ್ರಿ ಹೊಟ್ಟೆ ಹಿಡ್ಕೊಂಡು ನಗ್ತಿದಾರೆ. ನೀವೆಲ್ಲಿದೀರಾ?"

"ನಿಮ್ಮ ಟವರ್ ಕೆಳಗೆ," ಎಂದಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಕಣಿವೆಯ ಎರಡು ಕಡೆ ನಿಂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಲ್ಲೇ ಇರಿ, ಬಂದೆ," ಎಂದ ಅವನು.

"ಬೇಡ, ನಾನೇ ಬರ್ತೀನಿ."

"ಅಯ್ಯೋ ಪುಣ್ಯಾತ್ಮರೇ!" ಎಂದು ನಡುವೆ ನುಗ್ಗಿತು ಮೇಸ್ತ್ರಿಯ ದನಿ. "ಇಬ್ರೂ ಒಟ್ಟಿಗೆ ತಿರುಗಿಸಿದ್ರೆ ಯಾವತ್ತಾದ್ರೂ ಲಿಂಕ್ ಸಿಕ್ಕಿದ್ಯಾ? ಅಕ್ಕಾ, ನೀನು ಅಲ್ಲಾಡಬೇಡ. ಕೂತ್ಕೋ. ಇವರನ್ನ ನಾನು ಕಳಿಸ್ತೀನಿ."

ಅವಳು ಕೂತಳು. ಕೆಲಸಗಾರರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ದೊಡ್ಡ ಮನಸ್ಸು ಮಾಡಿ ಮೇಸ್ತ್ರಿಯನ್ನು ಹತ್ತಿಸಿಕೊಂಡು ಊರಿಗೆ ಹೋಗುತ್ತೇವೆಂದು ಅವಳ ಜೀಪಿನಲ್ಲೇ ಇಳಿದುಹೋದರು. ಅವನು ದಿನವಿಡೀ ನೋಡಿದ್ದನ್ನೆಲ್ಲ ಈಗ ಅವಳು ಅವನ ಕಡೆಯಿಂದ ನೋಡುತ್ತಿದ್ದಳು. ಇಷ್ಟು ದೂರದಿಂದ ತಾನು ಅವನಿಗೆ ಚುಕ್ಕೆಯಷ್ಟೂ ಕಂಡಿರಲಾರೆ ಎನಿಸಿತು.

ಬಿಸಿಲು ಹಳದಿಯಾಗುವ ಹೊತ್ತಿಗೆ ಪಿಕಪ್ಪು ಬಂತು. ಅದರಿಂದ ಇಳಿದವನು ಯಾರೋ ಒಬ್ಬ. ಆ ದನಿಗೆ ಅವಳು ಮನಸ್ಸಿನಲ್ಲೇ ಎತ್ತರದ ಮೈಕಟ್ಟನ್ನೂ ಪೊಗದಸ್ತಾದ ಮೀಸೆಯನ್ನೂ ಕೊಟ್ಟಿದ್ದಳು. ಬಂದವನು ಅವಳಿಗಿಂತ ಎರಡು ಬೆರಳು ಗಿಡ್ಡ, ಸಣಕಲ, ಮೀಸೆಯೇ ಇಲ್ಲ, ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿತ್ತು. ಇವನಲ್ಲ ಬಿಡು, ಎಂದುಕೊಳ್ಳುವಷ್ಟರಲ್ಲಿ ಅವನು, "ತುಂಬ ಕಾಯಿಸಿದ್ನಾ ಮೇಡಂ?" ಎಂದ. ಆ ದನಿ ಆ ಮುಖದಿಂದ ಹೊರಟಿದ್ದೇ ತಡ, ಮುಖ ಪರಿಚಯದ್ದಾಗಿಬಿಟ್ಟಿತು. ಬೇರೆ ಯಾವ ಮುಖವೂ ಆ ದನಿಗೆ ಹೊಂದುತ್ತಲೇ ಇರಲಿಲ್ಲ. ಇಷ್ಟು ದಿನ ಎಲ್ಲಿದ್ದೆ ಮಹಾರಾಯ ಎಂದು ಕೂಗಬೇಕೆನಿಸಿತು ಅವಳಿಗೆ.

"ಎರಡು ವರ್ಷ," ಎಂದಳು.

ಅವನು ಬಂದು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತ.

"ಸಮುದ್ರದ ಕಡೆ ಯಾವಾಗ ಹೊರಡ್ತೀರಾ?" ಎಂದಳು.

"ನಾಳಿದ್ದು. ಹೋಗಿಬಿಡೋಕೂ ಸೈ, ಹೋಗಿ ವಾಪಸ್ ಬರೋಕೂ ಸೈ. ನೀವು ಹೇಳಿದ ಹಾಗೆ."

"ಹಾಗಾದ್ರೆ ನಾಳೆ ನಮ್ಮನೆಗೆ ಬನ್ನಿ. ಅಮ್ಮ ನಿಮ್ಮ ಮುಖ ನೋಡಬೇಕಂತೆ."

"ಅಮ್ಮ ಮಾತ್ರಾನಾ?"

"ನಾನು ಇನ್ನೂ ಸರಿಯಾಗಿ ನೋಡಿ ಮುಗಿಸಿಲ್ಲ," ಎಂದಳು.

ಅವನ ಮುಖ ಕೆಂಪಾಯಿತು. ಹಾಗೆಂದರೂ ಅವನ ಕಡೆ ತಿರುಗಿ ಮಾತಾಡುವುದು ಅವಳಿಗೆ ಬರಲಿಲ್ಲ, ಅವನಿಗೂ ಬರಲಿಲ್ಲ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತು, ಇಬ್ಬರೂ ಕಣಿವೆಯಾಚೆಯ ಗುಡ್ಡವನ್ನು ನೋಡುತ್ತ ಒಬ್ಬರ ಜೊತೆ ಒಬ್ಬರು ಮಾತಾಡಿದರು. ಆ ಗುಡ್ಡದ ಗೋಪುರದ ಮೇಲೆ ಸಂಜೆ ಬಿಸಿಲಿಗೆ ಬಿಳಿ ಡಿಶ್ಶೊಂದು ಹೊಳೆಯುತ್ತಿತ್ತು. ಅದರ ಹತ್ತಿರ ಯಾರೂ ಇರಲಿಲ್ಲ.